ಆಯಿಗೆ ರೇಡಿಯೋ ಅಯೋಡಿನ್ ಕೊಡುವ ಮುಂಚೆ

ಪ್ರಶ್ನೆ: ಡಾಕ್ಟರೇ, ನಾವು ಅಂಕೋಲಾ ಹತ್ತಿರದ ಹಳ್ಳಿಯವರು. ನನ್ನ ಆಯಿಗೆ 56 ವರ್ಷ. ಥೈರಾಯ್ಡ್ ಕ್ಯಾನ್ಸರ್ ಎಂದು ಆಪರೇಷನ್ ಆಗಿದೆ. ರಿಪೋರ್ಟಿನಲ್ಲಿ ಪ್ಯಾಪಿಲರಿ ಎಂದಿದೆ, ಕುತ್ತಿಗೆಯ ಗಂಟುಗಳಿಗೂ ಹರಡಿತ್ತಂತೆ. ಈಗ ರೇಡಿಯೋ ಅಯೋಡಿನ್ ಕೊಡಬೇಕು, ಎರಡು ವಾರ ಮೀನು ಮುಟ್ಟಬೇಡಿ ಎಂದಿದ್ದಾರೆ. ನನ್ನ ತಮ್ಮ ಕೈಗಾದಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಅಷ್ಟು ಹುಷಾರಾಗಿ ದೂರ ಇಡುವ ವಿಕಿರಣವನ್ನು ಇಲ್ಲಿ ಆಯಿಯ ಹೊಟ್ಟೆಗೇ ಹಾಕುವುದಾ ಎಂದು ಮನೆಯಲ್ಲಿ ಎಲ್ಲರಿಗೂ ಭಯ. ಕ್ಯಾನ್ಸರ್ ಎಲ್ಲಿದೆ ಎಂದು ಆ ಔಷಧಕ್ಕೆ ಹೇಗೆ ಗೊತ್ತಾಗುತ್ತದೆ? ನನ್ನ ಎರಡು ವರ್ಷದ ಮಗಳು ಅಜ್ಜಿಯನ್ನು ಬಿಟ್ಟು ಮಲಗುವುದೇ ಇಲ್ಲ, ಏನು ಮಾಡಲಿ? ಕುಮಟಾದಲ್ಲಿರುವ ನಮ್ಮ ಮಾವನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಅವರಿಗೆ ಲುಟೇಶಿಯಂ ಎಂದು ಹೇಳಿದ್ದಾರೆ. ಅದೂ ಇದೇನಾ?

ಉತ್ತರ: ಮೀನಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಅಲ್ಲಿಂದಲೇ ಬರುತ್ತದೆ.

ಥೈರಾಯ್ಡ್ ಗ್ರಂಥಿ ಹಾರ್ಮೋನ್ ತಯಾರಿಸಲು ಅಯೋಡಿನ್ ಬೇಕೇ ಬೇಕು. ನಮ್ಮ ದೇಹ ಅದನ್ನು ತಾನೇ ಮಾಡಿಕೊಳ್ಳಲಾರದು. ಊಟದಿಂದಲೇ ಬರಬೇಕು. ಅದಕ್ಕೇ ಥೈರಾಯ್ಡ್ ಜೀವಕೋಶದ ಹೊರಪದರದಲ್ಲಿ ಒಂದು ಪ್ರೋಟೀನ್ ಇದೆ. ರಕ್ತದಲ್ಲಿ ಹರಿಯುವ ಅಯೋಡಿನನ್ನು ಹಿಡಿದು ಕೋಶದ ಒಳಗೆ ಎಳೆದುಕೊಳ್ಳುವುದೇ ಅದರ ಕೆಲಸ. ಸೋಡಿಯಂ ಅಯೋಡೈಡ್ ಸಿಂಪೋರ್ಟರ್ ಎಂದು ಅದರ ಹೆಸರು. ಅದರ ಜೀನನ್ನು ವಿಜ್ಞಾನಿಗಳು ಗುರುತಿಸಿದ್ದು 1996ರಲ್ಲಿ. ಆದರೆ ರೇಡಿಯೋ ಅಯೋಡಿನ್ ಚಿಕಿತ್ಸೆ ಅದಕ್ಕಿಂತ ತುಂಬ ಹಳೆಯದು. 1941ರಲ್ಲೇ ಅಮೆರಿಕದ ವೈದ್ಯ ಸಾಲ್ ಹರ್ಟ್ಸ್ ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದ್ದ ರೋಗಿಗೆ ಇದನ್ನು ಕೊಟ್ಟಿದ್ದರು.

ಈ ಪ್ರೋಟೀನಿಗೆ ಬಂಗುಡೆಯಲ್ಲಿರುವ ಸಾದಾ ಅಯೋಡಿನ್ ಯಾವುದು, ವಿಕಿರಣ ಸೂಸುವ ಅಯೋಡಿನ್-131 ಯಾವುದು ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ. ಯಾವುದು ಸಿಕ್ಕಿದರೂ ಒಳಗೆ ಎಳೆಯುತ್ತದೆ. ಪ್ಯಾಪಿಲರಿ ಕ್ಯಾನ್ಸರ್ ಹುಟ್ಟುವುದು ಥೈರಾಯ್ಡ್ ಕೋಶದಿಂದಲೇ. ಅದರ ಕೋಶಗಳು ಕುತ್ತಿಗೆಯ ಗಂಟಿಗೆ ಹೋಗಿ ಕೂತರೂ, ಶ್ವಾಸಕೋಶಕ್ಕೆ ಹೋದರೂ, ಅಯೋಡಿನ್ ಎಳೆದುಕೊಳ್ಳುವ ಹಳೆಯ ಅಭ್ಯಾಸವನ್ನು ಬಹಳಷ್ಟು ಸಲ ಬಿಟ್ಟಿರುವುದಿಲ್ಲ. ಅಂದರೆ ಔಷಧ ಕ್ಯಾನ್ಸರನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದು ರಕ್ತದಲ್ಲಿ ಎಲ್ಲ ಕಡೆ ಹರಿಯುತ್ತದೆ. ಎಳೆದುಕೊಳ್ಳುವುದು ಆ ಕೋಶವೇ.

ಈಗ ಲೆಕ್ಕ ನೋಡಿ. ಆಯಿಗೆ 100 ಮಿಲಿಕ್ಯೂರಿ (ವಿಕಿರಣ ಔಷಧದ ಪ್ರಮಾಣ ಹೇಳುವ ಅಳತೆ) ಕೊಡುತ್ತಾರೆ ಎಂದಿಟ್ಟುಕೊಳ್ಳಿ. ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಆದರೆ ಅದರಲ್ಲಿರುವ ಅಯೋಡಿನ್-131 ತೂಕದಲ್ಲಿ ಒಂದು ಮೈಕ್ರೋಗ್ರಾಂ ಕೂಡ ಇಲ್ಲ, ಸುಮಾರು 0.8 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಊಟದಲ್ಲಿ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಅಯೋಡಿನ್ ಸೇರಿಸಿದ ಪ್ಯಾಕೆಟ್ ಉಪ್ಪಿನಲ್ಲಿ ಒಂದು ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕೆಂಬ ನಿಯಮವಿದೆ. ದಿನಕ್ಕೆ 10 ಗ್ರಾಂ ಉಪ್ಪು ತಿಂದರೆ ಅಲ್ಲಿಗೇ 150 ಆಯಿತು. ಅದರ ಮೇಲೆ ಮೀನು ಸಾರು, ಸಿಗಡಿ, ಒಣಮೀನು. ದೇಹದಲ್ಲಿ ಸಾದಾ ಅಯೋಡಿನ್ ಇಷ್ಟು ತುಂಬಿಕೊಂಡಿರುವಾಗ ಆ 0.8 ಮೈಕ್ರೋಗ್ರಾಂಗೆ ಕೋಶದೊಳಗೆ ಜಾಗ ಎಲ್ಲಿ ಸಿಗಬೇಕು? ಬಂದ ದಾರಿಯಲ್ಲೇ ಮೂತ್ರದಲ್ಲಿ ಹೋಗಿಬಿಡುತ್ತದೆ. ಚಿಕಿತ್ಸೆ ಕೊಟ್ಟೂ ಕೊಡದ ಹಾಗೆ. ಅದಕ್ಕೇ ಒಂದೆರಡು ವಾರ ಅಯೋಡಿನ್ ದಿನಕ್ಕೆ 50 ಮೈಕ್ರೋಗ್ರಾಂಗಿಂತ ಕೆಳಗಿರಲಿ ಎನ್ನುವುದು. ಈ ಪಥ್ಯ ಚಿಕಿತ್ಸೆಯ ಅರ್ಧ ಭಾಗ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೈಗಾದ ಮಾತಿಗೂ ಉತ್ತರ ಇಲ್ಲೇ ಇದೆ. ಅಣು ಸ್ಥಾವರದಲ್ಲಿ ದೊಡ್ಡ ಅಪಘಾತವಾದರೆ ಜನರಿಗೆ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಕೊಡುತ್ತಾರೆ ಎಂದು ನಿಮ್ಮ ತಮ್ಮ ಕೇಳಿರುತ್ತಾರೆ. ಯಾಕೆ ಗೊತ್ತಾ? 1986ರಲ್ಲಿ ಚೆರ್ನೋಬಿಲ್‌ನಿಂದ ಹೊರಬಂದದ್ದರಲ್ಲಿ ಇದೇ ಅಯೋಡಿನ್-131 ಇತ್ತು. ಅದು ಹುಲ್ಲಿಗೆ ಬಿತ್ತು, ಹಸುವಿನ ಹಾಲಿಗೆ ಬಂತು, ಹಾಲು ಕುಡಿದ ಮಕ್ಕಳ ಥೈರಾಯ್ಡ್ ಸೇರಿತು. ಮೊದಲೇ ಮಾತ್ರೆ ಕೊಟ್ಟು ಗ್ರಂಥಿಯನ್ನು ಸಾದಾ ಅಯೋಡಿನ್‌ನಿಂದ ತುಂಬಿಸಿಬಿಟ್ಟರೆ ವಿಕಿರಣದ ಅಯೋಡಿನ್ ಒಳಗೆ ಹೋಗುವುದಿಲ್ಲ. ಅಲ್ಲಿ ತುಂಬಿಸಿ ತಡೆಯುತ್ತಾರೆ. ಇಲ್ಲಿ ನಾವು ಖಾಲಿ ಮಾಡಿಸಿ ಒಳಗೆ ಬಿಡುತ್ತೇವೆ. ಹಾಗಾಗಿ ಮನೆಯಲ್ಲಿ ಯಾರ ಹತ್ತಿರವಾದರೂ ಆ ಮಾತ್ರೆ ಇದ್ದರೆ, ಒಳ್ಳೆಯದಾಗಲಿ ಎಂದು ಆಯಿಗೆ ಈಗ ಕೊಡಬೇಡಿ. ಕೊಟ್ಟರೆ ಚಿಕಿತ್ಸೆಯೇ ಕೆಡುತ್ತದೆ.

ವಿಕಿರಣ ಎಂದರೆ ವಿಕಿರಣವೇ. ಇಲ್ಲಿಯದು ಬೇರೆ, ಸಾಧು ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ನಿಮ್ಮ ತಮ್ಮ ಹಾಕಿಕೊಳ್ಳುವಂಥ, ಮೈಗೆ ಬಿದ್ದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ನಾವೂ ಹಾಕಿಕೊಳ್ಳುತ್ತೇವೆ. ಅಲ್ಲಿಗೂ ಇಲ್ಲಿಗೂ ನಿಯಮ ಹಾಕುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೇ. ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬೀಳುವ ವಿಕಿರಣದ ಅಳತೆ) ಮಿತಿ, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ತಮ್ಮನ ಮೈಗೆ ಬೀಳುವ ವಿಕಿರಣದಿಂದ ಅವರಿಗೆ ಏನೂ ಲಾಭವಿಲ್ಲ, ಅದಕ್ಕೆ ಅದು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಆಯಿಯ ವಿಷಯ ಹಾಗಲ್ಲ. ಕತ್ತಿಗೆ ಸಿಗದೆ ಉಳಿದ ಕೋಶಗಳನ್ನು ಕೊಲ್ಲಲು ಅದು ಬೇಕು. ಇನ್ನೊಂದು ಮಾತು: ಕೈಗಾದ ನಾಲ್ಕು ಘಟಕಗಳು ಇರುವುದು ಕರೆಂಟ್ ತಯಾರಿಸಲು. ನಮ್ಮ ದೇಶದ ಆಸ್ಪತ್ರೆಗಳಿಗೆ ಬೇಕಾದ ಇಂಥ ಅಯೋಡಿನ್, ಲುಟೇಶಿಯಂಗಳಲ್ಲಿ ಒಂದು ಪಾಲನ್ನು ಮುಂಬೈಯ ಟ್ರಾಂಬೆಯಲ್ಲಿರುವ ಧ್ರುವ ಎಂಬ ಸಂಶೋಧನಾ ರಿಯಾಕ್ಟರಿನಲ್ಲಿ ತಯಾರಿಸುತ್ತಾರೆ.

ಇನ್ನು ಅಡುಗೆಮನೆಗೆ ಬರೋಣ. ಕಡಲ ಮೀನು, ಸಿಗಡಿ, ಏಡಿ, ಕಪ್ಪೆಚಿಪ್ಪು, ಒಣಮೀನು ಯಾವುದೂ ಬೇಡ. ಮೀನು ಹಾಕದೆ ಬರೀ ಅದರ ರಸ ಕೊಟ್ಟರಾಯಿತು ಅನ್ನಬೇಡಿ, ಅಯೋಡಿನ್ ರಸಕ್ಕೂ ಬಿಟ್ಟಿರುತ್ತದೆ. ಹಾಲು, ಮೊಸರು, ಮೊಟ್ಟೆಯ ಹಳದಿ ಕೂಡ ಬಿಡಬೇಕು. ಉಪ್ಪಿನ ಬಗ್ಗೆ ನಮ್ಮ ಕಡೆಯವರು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತಾರೆ: ಸಾಣಿಕಟ್ಟೆಯ ಹರಳುಪ್ಪು ಹಾಕಬಹುದಾ, ಅದಕ್ಕೆ ಅಯೋಡಿನ್ ಸೇರಿಸಿರುವುದಿಲ್ಲವಲ್ಲ ಎಂದು. ಅಯೋಡಿನ್ ಸೇರಿಸದ ಉಪ್ಪೇ ಬೇಕು ಎನ್ನುವುದು ಸರಿ. ಆದರೆ ಹಲವು ಆಸ್ಪತ್ರೆಗಳ ಪಟ್ಟಿಯಲ್ಲಿ ಕಡಲ ಉಪ್ಪೂ ಬೇಡ ಎಂದಿರುತ್ತದೆ. ನಿಮ್ಮ ಡಾಕ್ಟರನ್ನು ಕೇಳಿ, ಅವರು ಹೇಳಿದ ಉಪ್ಪನ್ನೇ ಬಳಸಿ. ಎರಡು ವಾರಕ್ಕೆ ಆಯಿಯ ಪಾತ್ರೆ, ಆಯಿಯ ಉಪ್ಪಿನ ಡಬ್ಬಿ ಬೇರೆ ಇಟ್ಟುಬಿಡಿ. ಅಂಗಡಿಯ ಹಪ್ಪಳ, ಉಪ್ಪಿನಕಾಯಿ, ಚಿಪ್ಸ್, ಬೇಕರಿ ತಿಂಡಿ ಬೇಡ, ಅವುಗಳಲ್ಲಿ ಯಾವ ಉಪ್ಪು ಹಾಕಿದ್ದಾರೋ ಗೊತ್ತಾಗುವುದಿಲ್ಲ. ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ, ಬೇಳೆ ಸಾರು, ಮನೆಯ ತರಕಾರಿ ಪಲ್ಯ, ಬಾಳೆಹಣ್ಣು, ಮುರುಗಲು ಸಾರು, ಹಾಲಿಲ್ಲದ ಚಹಾ ಇಷ್ಟಕ್ಕೆ ತೊಂದರೆ ಇಲ್ಲ. ಮೀನಿಲ್ಲದೆ ಊಟ ಇಳಿಯದವರಿಗೆ ಇದು ಕಷ್ಟ, ನನಗೆ ಗೊತ್ತು. ಆದರೆ ಎರಡೇ ವಾರ.

ಊಟದಲ್ಲಿ ಕಾಣದ ಅಯೋಡಿನ್ ಇನ್ನೂ ಕೆಲವು ಕಡೆ ಇರುತ್ತದೆ. ಇತ್ತೀಚೆಗೆ ಆಯಿಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿದ್ದರೆ ತಪ್ಪದೆ ಹೇಳಿ. ಅದರಲ್ಲಿ ತುಂಬಾ ಅಯೋಡಿನ್ ಇರುತ್ತದೆ, ಅದು ಇಳಿಯಲು ಒಂದೆರಡು ತಿಂಗಳು ಕಾಯಿಸಬೇಕಾಗಬಹುದು. ಹೃದಯಕ್ಕೆ ಅಮಿಯೋಡರೋನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಕೂಡ ಬೇಡ.

ಥೈರಾಯ್ಡ್ ಹಾರ್ಮೋನಿನ ಬದಲಿಗೆ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ಮೂರ್ನಾಲ್ಕು ವಾರ ನಿಲ್ಲಿಸಲು ಹೇಳಬಹುದು. ಆಗ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ಜಾಸ್ತಿ ಬಿಡುತ್ತದೆ, ಅದು 30 ದಾಟಬೇಕು ಎಂಬುದು ನಮ್ಮ ಸಾಮಾನ್ಯ ಗುರಿ. ಟಿಎಸ್‌ಎಚ್ ಏರಿದಷ್ಟೂ ಉಳಿದ ಥೈರಾಯ್ಡ್ ಕೋಶಗಳು ಅಯೋಡಿನ್ ಎಳೆಯುವ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. ಈ ವಾರಗಳಲ್ಲಿ ಆಯಿಗೆ ಸುಸ್ತು, ಚಳಿ, ಮಲಬದ್ಧತೆ, ಸುಮ್ನೆ ಅಳು ಬರುವುದು ಎಲ್ಲ ಆಗಬಹುದು. ಕ್ಯಾನ್ಸರ್ ಜಾಸ್ತಿಯಾಯಿತು ಎಂದು ಹೆದರಬೇಡಿ, ಹಾರ್ಮೋನ್ ಇಲ್ಲದ್ದರಿಂದ ಹಾಗಾಗುತ್ತದೆ. ಮಾತ್ರೆ ನಿಲ್ಲಿಸದೆ ಟಿಎಸ್‌ಎಚ್ ಇಂಜೆಕ್ಷನ್ ಕೊಡುವ ದಾರಿಯೂ ಇದೆ, ಆದರೆ ಖರ್ಚು ಹೆಚ್ಚು.

ಈಗ ಕೋಶದೊಳಗೆ ಏನಾಗುತ್ತದೆ ನೋಡಿ. ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟದ ಭಾಗ ಇದು. ಒಳಗೆ ಹೋದ ಅಯೋಡಿನ್-131ರ ಪರಮಾಣು ಒಂದೊಂದಾಗಿ ಒಡೆಯುತ್ತದೆ. ಒಡೆಯುವಾಗ ಒಂದು ಎಲೆಕ್ಟ್ರಾನ್ ಹೊರಗೆ ಹಾರುತ್ತದೆ, ಅದೇ ಬೀಟಾ ಕಣ. ಅದು ಹೆಚ್ಚೆಂದರೆ ಎರಡು ಮಿಲಿಮೀಟರ್ ಹೋಗುತ್ತದೆ, ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ಆ ದಾರಿಯಲ್ಲಿ ಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ನೇರವಾಗಿಯೂ ಕೊಡುತ್ತದೆ, ಕೋಶದೊಳಗಿನ ನೀರನ್ನು ಒಡೆದು ಆ ಚೂರುಗಳ ಮೂಲಕವೂ ಕೊಡುತ್ತದೆ. ಡಿಎನ್‌ಎಯ ಎರಡೂ ಎಳೆ ಒಂದೇ ಜಾಗದಲ್ಲಿ ತುಂಡಾದರೆ ಕೋಶಕ್ಕೆ ರಿಪೇರಿ ಮಾಡಿಕೊಳ್ಳುವುದು ಕಷ್ಟ. ಒಂದು ಕೋಶದ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಹಾಗಾಗಿ ಒಂದು ಕೋಶದಿಂದ ಹೊರಟ ಬೀಟಾ ಕಣ ಸುತ್ತಲಿನ ಹತ್ತಾರು ಕೋಶಗಳನ್ನು ದಾಟುತ್ತದೆ. ಅಯೋಡಿನ್ ಎಳೆದುಕೊಳ್ಳದ ಪಕ್ಕದ ಕ್ಯಾನ್ಸರ್ ಕೋಶಕ್ಕೂ ಪೆಟ್ಟು ಬೀಳುತ್ತದೆ. ಎರಡು ಮಿಲಿಮೀಟರ್ ಆಚೆಗಿನ ಅಂಗಕ್ಕೆ ಬೀಟಾ ಕಣ ಮುಟ್ಟುವುದೇ ಇಲ್ಲ. ಹೊರಗಿನಿಂದ ಯಂತ್ರದಲ್ಲಿ ಕೊಡುವ ರೇಡಿಯೇಷನ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಅಯೋಡಿನ್-131 ಬೀಟಾದ ಜೊತೆಗೆ ಗಾಮಾ ಕಿರಣವನ್ನೂ ಬಿಡುತ್ತದೆ. ಅದು ಮೈ ದಾಟಿ ಹೊರಗೆ ಬರುತ್ತದೆ. ಹೊರಗೆ ಬರುವುದರಿಂದ ಕ್ಯಾಮೆರಾದಲ್ಲಿ ಹಿಡಿಯಬಹುದು, ಅಯೋಡಿನ್ ಎಲ್ಲಿ ಕೂತಿದೆ ಎಂದು ನೋಡಬಹುದು. ಹೊರಗೆ ಬರುವುದರಿಂದಲೇ ನಿಮ್ಮ ಮಗಳನ್ನು ಕೆಲವು ದಿನ ದೂರ ಇಡಬೇಕು.

ಔಷಧ ಕೊಡುವ ದಿನ ಹೇಗಿರುತ್ತದೆ ಎಂದು ಆಯಿಗೆ ಮೊದಲೇ ಹೇಳಿಡಿ. ದಪ್ಪ ಸೀಸದ ಡಬ್ಬಿಯಲ್ಲಿ ಚಿಕ್ಕ ಬಾಟಲಿಯೋ ಕ್ಯಾಪ್ಸೂಲೋ ಬರುತ್ತದೆ. ಕ್ಯಾಪ್ಸೂಲ್ ನೋಡಲು ಮೆಡಿಕಲ್ ಶಾಪಿನಲ್ಲಿ ಸಿಗುವಂಥದ್ದೇ. ನುಂಗುವಾಗ ನೋವಿಲ್ಲ, ಉರಿಯಿಲ್ಲ. ನುಂಗಿಸಿ ನಾವು ದೂರ ನಿಲ್ಲುತ್ತೇವೆ. ಆ ಹೊತ್ತಿಗೆ ಎಷ್ಟೋ ತಾಯಂದಿರ ಕಣ್ಣಲ್ಲಿ ನೀರು ಬರುವುದನ್ನು ನೋಡಿದ್ದೇನೆ, ತಮ್ಮನ್ನು ಮುಟ್ಟಬಾರದವರನ್ನಾಗಿ ಮಾಡಿದರು ಎಂದು. ನಾವು ದಿನಾ ಇಂಥ ರೋಗಿಗಳ ನಡುವೆ ಇರುವವರು, ಅದಕ್ಕೆ ದೂರ ನಿಲ್ಲುತ್ತೇವೆ ಎಂದು ವಿವರಿಸಿ ಹೇಳಿ. ಒಂಟಿ ಕೋಣೆಯಲ್ಲಿ ಎರಡು ಮೂರು ದಿನ ಇರಬೇಕಾಗಬಹುದು. ಮೀಟರಿನಲ್ಲಿ ಅಳತೆ ಮಾಡಿ, ನಿಯಮದ ಮಟ್ಟಕ್ಕೆ ಇಳಿದ ಮೇಲೆಯೇ ಕಳಿಸುತ್ತಾರೆ. ಚೆನ್ನಾಗಿ ನೀರು ಕುಡಿಯಬೇಕು, ಪದೇ ಪದೇ ಮೂತ್ರಕ್ಕೆ ಹೋಗಬೇಕು. ಕೂದಲು ಉದುರುತ್ತದೆ ಎಂಬ ಭಯ ಬೇಡ, ಇದು ಕೀಮೋ ಅಲ್ಲ. ಜೊಲ್ಲು ಗ್ರಂಥಿಗಳೂ ಸ್ವಲ್ಪ ಅಯೋಡಿನ್ ಎಳೆಯುವುದರಿಂದ ಕೆನ್ನೆ ಊದಬಹುದು, ಬಾಯಿ ಒಣಗಬಹುದು. ಹುಳಿ ಮಿಠಾಯಿ ಯಾವಾಗಿನಿಂದ ಚೀಪಬಹುದು ಎಂದು ಅಲ್ಲೇ ಕೇಳಿಕೊಳ್ಳಿ.

ಅಯೋಡಿನ್-131ರ ಅರ್ಧಾಯುಷ್ಯ 8 ದಿನ. ಅಂದರೆ 8 ದಿನಕ್ಕೆ ಅರ್ಧ, 16 ದಿನಕ್ಕೆ ಕಾಲು ಭಾಗ ಉಳಿಯುತ್ತದೆ. ಆದರೆ ಆಯಿಯ ಥೈರಾಯ್ಡ್ ತೆಗೆದಾಗಿದೆ. ಹಿಡಿದಿಟ್ಟುಕೊಳ್ಳುವ ಗ್ರಂಥಿಯೇ ಇಲ್ಲವಾದ್ದರಿಂದ ಹೆಚ್ಚಿನ ಪಾಲು ಮೊದಲ ಎರಡು ಮೂರು ದಿನದಲ್ಲೇ ಮೂತ್ರದಲ್ಲಿ ಹೋಗುತ್ತದೆ.

ಮನೆಗೆ ಬರುವ ದಾರಿಯ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ನಮ್ಮ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ತಾಸುಗಟ್ಟಲೆ ಪ್ರಯಾಣ ಮಾಡುವವರು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜನ ವರ್ಷಗಳಿಂದ ಕೇಳುತ್ತಿರುವುದು ಸುಮ್ಮನೆ ಅಲ್ಲ. ಡಿಸ್ಚಾರ್ಜ್ ಆದ ದಿನ ತುಂಬಿದ ಬಸ್ಸಿನಲ್ಲಿ ಆಯಿಯನ್ನು ಕರೆತರಬೇಡಿ. ಪಕ್ಕದಲ್ಲಿ ಬಸುರಿ ಹೆಂಗಸೋ ಮಗುವೋ ಮೂರ್ನಾಲ್ಕು ತಾಸು ಕೂತರೆ ಸರಿಯಲ್ಲ. ಕಾರು ಮಾಡಿಕೊಳ್ಳಿ, ಆಯಿ ಹಿಂದಿನ ಸೀಟಿನಲ್ಲಿ ಡ್ರೈವರಿನ ಎದುರು ಮೂಲೆಗೆ ಕೂರಲಿ. ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಡಿ. ಹೋಗುವಾಗಲೂ ಮಳೆಗಾಲವಾದರೆ ಒಂದು ದಿನ ಮುಂಚೆ ಹೊರಡಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು ನಿಮಗೆ ಹೇಳಬೇಕಾಗಿಲ್ಲ. ಆಯಿಯ ಹೆಸರಿಗೆ ಆ ದಿನಕ್ಕೆಂದೇ ತರಿಸಿದ ಔಷಧ ಡಬ್ಬಿಯಲ್ಲೇ ಕರಗುತ್ತಾ ಹೋಗುತ್ತದೆ, ಎತ್ತಿಡಲು ಬರುವುದಿಲ್ಲ.

ಮಗಳ ವಿಷಯ. ಈಗಿನಿಂದಲೇ ಅವಳನ್ನು ನಿಮ್ಮ ಜೊತೆ ಮಲಗಿಸಿ ಅಭ್ಯಾಸ ಮಾಡಿಸಿ. ಆಯಿ ಮನೆಗೆ ಬಂದ ಮೇಲೆ ಎಷ್ಟು ದಿನ ಬೇರೆ ಮಲಗಬೇಕು, ಎಷ್ಟು ದಿನ ಮಗುವನ್ನು ಎತ್ತಿಕೊಳ್ಳಬಾರದು ಎಂಬುದನ್ನು ಆಯಿಯ ಮೀಟರ್ ಅಳತೆ ನೋಡಿ ಆಸ್ಪತ್ರೆಯವರು ಬರೆದು ಕೊಡುತ್ತಾರೆ. ಮಕ್ಕಳಿಗೆ, ಬಸುರಿಯರಿಗೆ ಈ ದಿನಗಳು ಬೇರೆಯವರಿಗಿಂತ ಜಾಸ್ತಿ. ಸಾಧ್ಯವಿದ್ದರೆ ಅಷ್ಟು ದಿನ ನೀವೇ ಮಗಳನ್ನು ಕರೆದುಕೊಂಡು ತವರಿನಿಂದ ಬೇರೆ ಕಡೆ ಇರುವುದು ಎಲ್ಲಕ್ಕಿಂತ ಸುಲಭ, ಎರಡು ವರ್ಷದ ಮಗುವಿಗೆ ದೂರ ನಿಲ್ಲು ಎಂದರೆ ತಿಳಿಯುವುದಿಲ್ಲ ಅಲ್ವಾ? ಒಂದೇ ಮನೆಯಲ್ಲಿ ಇರಬೇಕಾದರೆ ದೂರವನ್ನೇ ನಂಬಿ. ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಬೀಳುವ ಕಿರಣ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅಜ್ಜಿ ಜಗಲಿಯ ಆ ತುದಿಯಲ್ಲಿ ಕೂತು ಮೊಮ್ಮಗಳನ್ನು ಮಾತಾಡಿಸಲು ಅಡ್ಡಿಯಿಲ್ಲ. ಆಯಿಯ ತಟ್ಟೆ, ಲೋಟ, ಟವೆಲು ಬೇರೆ ಇರಲಿ, ಬಟ್ಟೆ ಬೇರೆ ಒಗೆಯಿರಿ. ಕೂತೇ ಮೂತ್ರ ಮಾಡಿ, ಎರಡು ಸಲ ನೀರು ಹಾಕಲಿ. ಆಯಿ ತಿಂದು ಬಿಟ್ಟದ್ದನ್ನು ಮಗುವಿನ ಬಾಯಿಗೆ ಹಾಕುವುದು ಬೇಡ.

ಔಷಧ ಕೊಟ್ಟ ಕೆಲವು ದಿನಕ್ಕೆ ಇಡೀ ಮೈಯ ಸ್ಕ್ಯಾನ್ ಮಾಡುತ್ತಾರೆ. ಆ ಚಿತ್ರ ನಿಮ್ಮ ಕೈಗೆ ಬಂದಾಗ ಗಾಬರಿಯಾಗಬೇಡಿ. ಕುತ್ತಿಗೆಯಲ್ಲಿ ಆರು ಮೂಲೆಯ ದೊಡ್ಡ ಕಪ್ಪು ನಕ್ಷತ್ರದಂಥ ಗುರುತು ಕಾಣಬಹುದು. ಕ್ಯಾನ್ಸರ್ ಅಷ್ಟು ದೊಡ್ಡದಾಗಿದೆ ಎಂದು ಅತ್ತವರಿದ್ದಾರೆ. ಅಲ್ಲಿ ಉಳಿದಿರುವುದು ಚೂರೇ ಚೂರು ಥೈರಾಯ್ಡ್. ಅದು ಅಯೋಡಿನನ್ನು ಜೋರಾಗಿ ಎಳೆದುಕೊಂಡಿದೆ. ಕ್ಯಾಮೆರಾದ ಮುಂದೆ ಇರುವ ಸೀಸದ ಫಲಕದ ತೂತುಗಳು ಆರು ಮೂಲೆಯವು. ಅವುಗಳ ತೆಳು ಗೋಡೆಯನ್ನು ಗಾಮಾ ಕಿರಣ ದಾಟಿ ಬಂದಾಗ ಈ ನಕ್ಷತ್ರ ಮೂಡುತ್ತದೆ. ಹೊಟ್ಟೆ, ಕರುಳು, ಮೂತ್ರಕೋಶ, ಕೆನ್ನೆಯ ಪಕ್ಕ ಕಪ್ಪಾಗಿದ್ದರೂ ಅದು ಸಹಜ.

ಕೆಲವರಲ್ಲಿ ಮಾತ್ರ ಕಷ್ಟ ಇರುತ್ತದೆ. ಕ್ಯಾನ್ಸರ್ ಕೋಶ ಬದಲಾಗುತ್ತಾ ಹೋಗಿ ಅಯೋಡಿನ್ ಎಳೆಯುವ ಪ್ರೋಟೀನನ್ನೇ ಕಳೆದುಕೊಳ್ಳುತ್ತದೆ. ಆಗ ಎಷ್ಟು ಅಯೋಡಿನ್ ಕೊಟ್ಟರೂ ಉಪಯೋಗವಿಲ್ಲ. ಇಂಥ ಕೋಶ ಸಕ್ಕರೆಯನ್ನು ಜಾಸ್ತಿ ಬಳಸತೊಡಗುವುದರಿಂದ ಬೇರೆ ಸ್ಕ್ಯಾನಿನಲ್ಲಿ ಸಿಕ್ಕಿಬೀಳುತ್ತದೆ. ಎಲ್ಲರೂ ಪೆಟ್ ಸ್ಕ್ಯಾನ್ ಎನ್ನುತ್ತಾರಲ್ಲ, ಅದು. ಅದರಲ್ಲಿ ಕೊಡುವುದು ಎಫ್‌ಡಿಜಿ, ಗ್ಲೂಕೋಸಿಗೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಔಷಧ. ಕೋಶ ಅದನ್ನು ಗ್ಲೂಕೋಸ್ ಎಂದೇ ಒಳಗೆ ತೆಗೆದುಕೊಳ್ಳುತ್ತದೆ, ಅದಕ್ಕೆ ಫಾಸ್ಫೇಟ್ ಜೋಡಿಸುತ್ತದೆ. ಅಲ್ಲಿಗೆ ಅದು ಮುಂದೆ ಕರಗುವುದೂ ಇಲ್ಲ, ಹೊರಗೆ ಬರಲೂ ಆಗುವುದಿಲ್ಲ. ಮಳೆಗಾಲದಲ್ಲಿ ಗದ್ದೆಯ ನೀರಿಗೆ ಬಿದಿರಿನ ಕೂಳಿ ಇಡುತ್ತಾರಲ್ಲ, ಒಳಗೆ ಹೋದ ಮೀನು ತಿರುಗಿ ಬರಲಾರದು, ಹಾಗೆ. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ ಮಾತ್ರ. ಕ್ಷಯದ ಗಂಟು, ಸೋಂಕು, ಊತ ಕೂಡ ಸಕ್ಕರೆ ಎಳೆಯುವುದರಿಂದ ಪೆಟ್ ಸ್ಕ್ಯಾನಿನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಬರೀ ಚಿತ್ರ ನೋಡಿ ಯಾರಾದರೂ ಹರಡಿದೆ ಎಂದರೆ, ಬಯಾಪ್ಸಿ ಬೇಡವೇ ಎಂದು ಕೇಳಲು ಹಿಂಜರಿಯಬೇಡಿ.

ನಿಮ್ಮ ಮಾವನವರ ಚಿಕಿತ್ಸೆ ಬೇರೆ, ತತ್ವ ಒಂದೇ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶದ ಮೇಲೆ ಪಿಎಸ್‌ಎಂಎ ಎಂಬ ಪ್ರೋಟೀನ್ ಬಹಳ ಇರುತ್ತದೆ. ಅದಕ್ಕೆ ಅಂಟುವ ಒಂದು ಸಣ್ಣ ಅಣುವನ್ನು ತಯಾರಿಸಿದ್ದಾರೆ. ಅಂಟಿದ ಮೇಲೆ ಕೋಶ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಇಂಥ ಅಣುವಿಗೆ ಗ್ಯಾಲಿಯಂ-68 ಕಟ್ಟಿದರೆ ಚಿತ್ರ ಸಿಗುತ್ತದೆ, ಲುಟೇಶಿಯಂ-177 ಕಟ್ಟಿದರೆ ಚಿಕಿತ್ಸೆಯಾಗುತ್ತದೆ. ಲುಟೇಶಿಯಂನ ಬೀಟಾ ಕಣವೂ ಎರಡು ಮಿಲಿಮೀಟರ್ ಒಳಗೇ ನಿಲ್ಲುತ್ತದೆ, ಅರ್ಧಾಯುಷ್ಯ ಏಳು ದಿನಕ್ಕೆ ಸ್ವಲ್ಪ ಕಡಿಮೆ. ಮೊದಲು ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸಿದ್ದಾರಾ, ಅದರಲ್ಲಿ ಗಡ್ಡೆಗಳು ಚೆನ್ನಾಗಿ ಹೊಳೆದಿವೆಯಾ ಎಂದು ಕೇಳಿ. ಹೊಳೆಯದಿದ್ದರೆ ಲುಟೇಶಿಯಂ ಕೂಡ ಒಳಗೆ ಹೋಗುವುದಿಲ್ಲ. ಅಷ್ಟು ದುಡ್ಡು, ಅಷ್ಟು ಓಡಾಟ ವ್ಯರ್ಥವಾಗಬಾರದು. ಇದು ಪೂರ್ತಿ ಗುಣ ಮಾಡುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. 2021ರಲ್ಲಿ ಪ್ರಕಟವಾದ ವಿಷನ್ ಎಂಬ ದೊಡ್ಡ ಪ್ರಯೋಗದಲ್ಲಿ, ಬೇರೆ ಚಿಕಿತ್ಸೆಗಳು ಸೋತಿದ್ದ ರೋಗಿಗಳಲ್ಲಿ ಇದನ್ನು ಪಡೆದವರ ಮಧ್ಯಮ ಆಯಸ್ಸು 15.3 ತಿಂಗಳು, ಪಡೆಯದವರದು 11.3 ತಿಂಗಳು ಇತ್ತು. ಜೊತೆಗೆ ಎಷ್ಟೋ ಜನರ ಮೂಳೆ ನೋವು ಇಳಿಯುತ್ತದೆ. ಅದನ್ನೂ ಕಡಿಮೆ ಎಂದು ನಾನು ಹೇಳುವುದಿಲ್ಲ. ಬಾಯಿ ಒಣಗುವುದು, ಸುಸ್ತು, ರಕ್ತಕಣ ಇಳಿಯುವುದು ಇದರ ಮುಖ್ಯ ತೊಂದರೆಗಳು. ಆಕ್ಟಿನಿಯಂ-225 ಎಂಬ ಇನ್ನೊಂದರ ಹೆಸರೂ ನಿಮ್ಮ ಕಿವಿಗೆ ಬೀಳಬಹುದು. ಅದು ಬಿಡುವುದು ಆಲ್ಫಾ ಕಣ. ಕೆಲವೇ ಕೋಶಗಳಷ್ಟು ದೂರ ಹೋಗಿ ನಿಲ್ಲುತ್ತದೆ, ಆದರೆ ಪೆಟ್ಟು ಬೀಟಾಕ್ಕಿಂತ ಬಹಳ ಗಟ್ಟಿ. ಜೊಲ್ಲು ಗ್ರಂಥಿಗೂ ಅಷ್ಟೇ ಗಟ್ಟಿಯಾಗಿ ತಾಗುವುದು ಅದರ ಸಮಸ್ಯೆ.

ಆಯಿಯ ಡಾಕ್ಟರಿಗೆ ನೀವು ಕೇಳಬೇಕಾದ್ದು ಇನ್ನೆರಡು ಇವೆ. ಎಷ್ಟು ಮಿಲಿಕ್ಯೂರಿ ಕೊಡುತ್ತೀರಿ, ಯಾಕೆ ಅಷ್ಟು ಎಂದು ಕೇಳಿ. ಅಪಾಯ ಕಡಿಮೆ ಇರುವ ಚಿಕ್ಕ ಗಡ್ಡೆಗಳಿಗೆ ಈಗ 30 ಸಾಕು, ಕೆಲವರಿಗೆ ಅಯೋಡಿನ್ ಬೇಡವೇ ಬೇಡ ಎಂದು ಪ್ರಯೋಗಗಳಿಂದ ಗೊತ್ತಾಗಿದೆ. ಆಯಿಗೆ ಗಂಟುಗಳಿಗೆ ಹರಡಿದ್ದರಿಂದ ಕೊಡುವುದಕ್ಕೆ ಕಾರಣ ಇದ್ದೇ ಇದೆ, ಆದರೂ ಲೆಕ್ಕ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ಎರಡನೆಯದು, ಥೈರಾಕ್ಸಿನ್ ಮಾತ್ರೆ ಮತ್ತೆ ಯಾವ ದಿನದಿಂದ, ಎಷ್ಟು ಪವರಿನದು ಎಂದು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಳ್ಳಿ. ಹೇಳಲು ಮರೆತರೆಂದು ತಿಂಗಳುಗಟ್ಟಲೆ ಮಾತ್ರೆಯಿಲ್ಲದೆ ಉಳಿದವರನ್ನು ನೋಡಿದ್ದೇನೆ. ಮೀನು ಯಾವತ್ತಿನಿಂದ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಸಿ. ಮುಂದೆ ಥೈರೋಗ್ಲೋಬುಲಿನ್ (ಥೈರಾಯ್ಡ್ ಕೋಶಗಳು ಮಾತ್ರ ತಯಾರಿಸುವ ಪ್ರೋಟೀನ್) ರಕ್ತಪರೀಕ್ಷೆಯನ್ನು ಡಾಕ್ಟರ್ ಹೇಳಿದ ಹೊತ್ತಿಗೆ ತಪ್ಪದೆ ಮಾಡಿಸಿ, ಸಾಧ್ಯವಾದಷ್ಟು ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ.